ಸ್ಲೋ ಕುಕ್ಕರಲ್ಲಿ ಹುರುಳಿ ಬೇಯ್ಲಿಲ್ಲ, ನನ್ನ ತೂಕನೂ ಇಳೀಲಿಲ್ಲ

ಗೋಪಾಳದ ಟೀಚರ್:

ನಮಸ್ಕಾರ. ಶಿವಮೊಗ್ಗದವರು, ಮಲೆನಾಡಿನ ಕಡೆಯವರು ಯಾರಾದ್ರೂ ಸ್ಲೋ ಕುಕ್ಕರಲ್ಲಿ (ಕರೆಂಟಿನಲ್ಲಿ ಗಂಟೆಗಟ್ಟಲೆ ನಿಧಾನಕ್ಕೆ ಬೇಯಿಸೋ ಪಾತ್ರೆ) ಅಡುಗೆ ಮಾಡ್ತಾ ಇದ್ರೆ ಸ್ವಲ್ಪ ದಾರಿ ತೋರಿಸಿ. ಯೂಟ್ಯೂಬಲ್ಲಿ ನೋಡಿದ್ದೆಲ್ಲ ಬರೀ ಚಿಕನ್, ಬ್ರಾಕೊಲಿ, ಸೆಲರಿ. ನಮ್ಮನೇಲಿ ಮೊಟ್ಟೆನೂ ಇಲ್ಲ. ಸೆಲರಿ ಇದೆಯಾ ಅಂತ ಗಾಂಧಿ ಬಜಾರಲ್ಲಿ ಕೇಳಿದ್ರೆ ತರಕಾರಿಯಮ್ಮ ಕೊತ್ತಂಬರಿ ಕಟ್ಟು ಕೈಗಿಟ್ಟು "ಇದೇ ತಗೊಂಡು ಹೋಗು" ಅಂದ್ಲು.

ನನಗೆ 43 ವರ್ಷ, ಎತ್ತರ 158 ಸೆಂಟಿಮೀಟರ್, ತೂಕ 74 ಕೆಜಿ. ಹೋದ ತಿಂಗಳು ಸ್ಕ್ಯಾನಿಂಗಲ್ಲಿ ಫ್ಯಾಟಿ ಲಿವರ್ ಅಂತ ಬಂತು. ಡಾಕ್ಟರು ಮಾತ್ರೆ ಬರೀಲಿಲ್ಲ. "ಹತ್ತು ಕೆಜಿ ಇಳಿಸ್ಕೊಂಡು ಬನ್ನಿ ಮೇಡಂ" ಅಂದ್ರು, ಅಂಗಡಿಗೆ ಹೋಗಿ ಹತ್ತು ಕೆಜಿ ಅಕ್ಕಿ ತನ್ನಿ ಅನ್ನೋ ಹಾಗೆ.

ನನ್ನ ಶಾಲೆ ಕುಂಸಿ ಕಡೆ. ಬೆಳಗ್ಗೆ 8ಕ್ಕೆ ಮನೆ ಬಿಟ್ರೆ ವಾಪಸ್ ಬರೋದು ಮುಕ್ಕಾಲು ಆರಿಗೆ. ಆ ಹೊತ್ತಿಗೆ ಹಸಿವು ಹೇಗಿರುತ್ತೆ ಅಂದ್ರೆ ಹೆಗಲಿನ ಬ್ಯಾಗ್ ಇಳಿಸೋ ಮೊದಲೇ ಕೈ ಕೋಡುಬಳೆ ಡಬ್ಬಿಗೆ ಹೋಗಿರುತ್ತೆ. ಆಮೇಲೆ ಟೀ, ಆಮೇಲೆ ಒಂದು ಬಟ್ಟಲು ಅವಲಕ್ಕಿ. ಇಷ್ಟಾದ್ಮೇಲೆ ಅನ್ನಕ್ಕಿಟ್ಟು ಎಂಟೂವರೆಗೆ ಊಟ. ಅತ್ತೆಗೆ ಮಂಡಿ ನೋವು, ಒಲೆ ಮುಂದೆ ನಿಲ್ಲೋಕಾಗಲ್ಲ. ಅದಕ್ಕೇ ಬರ್ತಾನೇ ಊಟ ರೆಡಿ ಇರ್ಲಿ ಅಂತ ಮೂರೂವರೆ ಲೀಟರಿನ ಸ್ಲೋ ಕುಕ್ಕರ್ ತರಿಸ್ದೆ.

ಮೊದಲ ದಿನವೇ ಮರ್ಯಾದೆ ಹೋಯ್ತು. ಬೆಳಗ್ಗೆ ಹುರುಳಿಕಾಳು ತೊಳೆದು, ನೀರು, ಹುಣಸೆ ರಸ, ಸಾರಿನ ಪುಡಿ, ರುಬ್ಬಿದ ಕಾಯಿ ಎಲ್ಲ ಒಟ್ಟಿಗೇ ಹಾಕಿ 'ಲೋ'ದಲ್ಲಿ (ಕಮ್ಮಿ ಶಾಖದಲ್ಲಿ) ಇಟ್ಟು ಹೋದೆ. ಸಂಜೆ ಬಂದು ನೋಡಿದ್ರೆ ನೀರು ನೀರು, ಮೇಲೆ ಕಾಯಿ ಒಡೆದು ಎಣ್ಣೆ ತೇಲ್ತಾ ಇದೆ, ಕೆಳಗೆ ಹುರುಳಿ ಗೋಲಿ ಗುಂಡಿನ ಹಾಗೆ ಕಟಕಟ ಅಂತಿದೆ. ಅತ್ತೆ ಅರ್ಧ ಗಂಟೆಗೊಂದ್ಸಲ ಮುಚ್ಚಳ ತೆಗೆದು "ಬೆಂತಾ" ಅಂತ ನೋಡ್ತಿದ್ರಂತೆ. ಮನೆಯವರು ಏನೂ ಮಾತಾಡ್ದೆ ಮೊಸರನ್ನ ಉಂಡು ಎದ್ರು. ನಾನು ಕೋಡುಬಳೆ ತಿಂದೆ.

ನಮ್ಮ ಊಟಕ್ಕೆ ಇದು ಹೊಂದುತ್ತಾ? ಕ್ಯಾಲೊರಿ ಕಮ್ಮಿ ಇರೋ, ಬೆಳಗ್ಗೆ ಅರ್ಧ ಗಂಟೆಯಲ್ಲಿ ಜೋಡಿಸಿಟ್ಟು ಹೋಗೋ ಅಂಥ ಅಡುಗೆ ಏನಾದ್ರೂ ಇದೆಯಾ?

ತೀರ್ಥಹಳ್ಳಿ ಹುಡುಗ:

ಅಕ್ಕಾ, ಪ್ರೆಶರ್ ಕುಕ್ಕರ್ ನಾಲ್ಕು ಸಲ ಕೂಗಿಸಿದ್ರೆ ಹುರುಳಿ ಬೆಣ್ಣೆ ಆಗುತ್ತೆ. ಇದಕ್ಕೆ ಎಂತಕ್ಕೆ ಎಂಟು ಗಂಟೆ ಕಾಯೋದು ಮಾರಾಯ್ರೆ? ವಾಪಸ್ ಕಳಿಸಿ, ದುಡ್ಡಾದ್ರೂ ಬರುತ್ತೆ.

ಜೆರಾಕ್ಸ್ ಅಂಗಡಿ:

ಟೀಚರೇ, ವಾಪಸ್ ಕಳಿಸ್ಬೇಡಿ. ಹುರುಳಿ ಬೇಯದೆ ಇದ್ದದ್ದು ಕುಕ್ಕರಿನ ತಪ್ಪಲ್ಲ. ಅರ್ಧ ತಪ್ಪು ಹುಣಸೆ ರಸದ್ದು, ಇನ್ನರ್ಧ ನಿಮ್ಮ ಅತ್ತೆಯವರದ್ದು. ಬೇಜಾರ್ ಮಾಡ್ಕೋಬೇಡಿ.

ಹುಳಿ ಬಿದ್ದ ನೀರಲ್ಲಿ ಕಾಳು ಮೆತ್ತಗಾಗೋಕೆ ಒಪ್ಪೋದೇ ಇಲ್ಲ. ಪ್ರೆಶರ್ ಕುಕ್ಕರಲ್ಲಿ ಆ ತಪ್ಪು ಮುಚ್ಚಿಹೋಗುತ್ತೆ, ಯಾಕಂದ್ರೆ ಒಳಗಿನ ಶಾಖ 120 ಡಿಗ್ರಿ ಹತ್ತಿರ ಹೋಗಿರುತ್ತೆ. ಸ್ಲೋ ಕುಕ್ಕರ್ ಕುದಿ ಬರೋ ಅಂಚಿಗೆ ಹೋಗಿ ಅಲ್ಲೇ ನಿಲ್ಲುತ್ತೆ. ಲೋ ಇಟ್ರೂ ಹೈ ಇಟ್ರೂ ಕೊನೆಗೆ ತಲುಪೋ ಶಾಖ ಹೆಚ್ಚುಕಮ್ಮಿ ಒಂದೇ, ಹೈನಲ್ಲಿ ಬೇಗ ತಲುಪುತ್ತೆ ಅಷ್ಟೆ. ಇನ್ನು ಮುಚ್ಚಳ. ಒಂದ್ಸಲ ತೆಗೆದ್ರೆ ಹೋದ ಬಿಸಿ ವಾಪಸ್ ಬರೋಕೆ 20 ನಿಮಿಷ ಬೇಕು. ಅರ್ಧ ಗಂಟೆಗೊಂದ್ಸಲ ತೆಗೆದ್ರೆ ಎಷ್ಟು ಹೊತ್ತು ಬೆಂದಿರುತ್ತೆ, ನೀವೇ ಲೆಕ್ಕ ಹಾಕಿ, ನೀವು ಟೀಚರು.

ನನ್ನ ವಿಷಯ ಹೇಳ್ತೀನಿ. ನಂದು ನೆಹರೂ ರೋಡಿನ ಹತ್ತಿರ ಜೆರಾಕ್ಸ್ ಮತ್ತೆ ಕೊರಿಯರ್ ಅಂಗಡಿ. ಬೆಳಗ್ಗೆ ಎಂಟೂವರೆಗೆ ಬಾಗಿಲು ತೆಗೆದ್ರೆ ಹಾಕೋದು ರಾತ್ರಿ ಎಂಟೂವರೆಗೆ. ಮನೆಯವಳು ಹೊಸನಗರದಲ್ಲಿ ನರ್ಸು, ಶನಿವಾರ ಸಂಜೆ ಬಂದ್ರೆ ಸೋಮವಾರ ಮೊದಲ ಬಸ್ಸಿಗೆ ಹೋಗ್ತಾಳೆ. ಹಾಗಾಗಿ ವಾರದಲ್ಲಿ ಐದು ದಿನ ನಂದೇ ಅಡುಗೆ. ಮೊದಲು ಮಾಡ್ತಿದ್ದದ್ದು ಅನ್ನ, ಒಂದು ಸಾರು, ಪಕ್ಕಕ್ಕೆ ಹಪ್ಪಳ. 2022ರಲ್ಲಿ 91 ಕೆಜಿ ಇದ್ದೆ. ಪೇಪರ್ ಬಂಡಲ್ ಎತ್ತೋಕೆ ಬಗ್ಗಿದ್ರೆ ಹೊಟ್ಟೆ ಮೊದಲು ನೆಲ ಮುಟ್ತಿತ್ತು. ಈಗ 79.

ಕಣ್ಣು ತೆರೆಸಿದ್ದು ಅಂಗಡಿಯ ತಕ್ಕಡಿ. ಕೊರಿಯರ್ ಕವರ್ ತೂಗೋ ಡಿಜಿಟಲ್ ತಕ್ಕಡಿ ಇದೆಯಲ್ಲ, ಒಂದಿನ ಸ್ಟೀಲ್ ತಟ್ಟೆ ಸಮೇತ ಅದನ್ನ ಮನೆಗೆ ತಂದೆ. ದಿನಾ ಬಡಿಸ್ಕೊಳ್ಳೋ ಹಾಗೇ ಬಡಿಸ್ಕೊಂಡು ಇಟ್ಟೆ. ತಟ್ಟೆ ಕಳೆದು ಅನ್ನವೇ 520 ಗ್ರಾಂ ತೋರಿಸ್ತು. ಬೇಯಿಸಿದ ಅನ್ನ 100 ಗ್ರಾಂಗೆ ಸುಮಾರು 130 ಕ್ಯಾಲೊರಿ. ಅಂದ್ರೆ ಸಾರು ಬೀಳೋ ಮೊದಲೇ ಏಳುನೂರರ ಹತ್ತಿರ. ಅದೇ ತಕ್ಕಡಿ ಮೇಲೆ ಸಾರಿಗೆ ಹಾಕೋ ಕಾಯಿ ತುರಿ ಇಟ್ಟೆ. 110 ಗ್ರಾಂ. ತೆಂಗಿನ ತುರಿ 100 ಗ್ರಾಂಗೆ 350ರ ಮೇಲಿದೆ. ಎಣ್ಣೆ ಒಂದು ಸಣ್ಣ ಚಮಚಕ್ಕೆ 40, ನಾನು ಬಾಟ್ಲಿ ಬಗ್ಗಿಸಿ ಸುರೀತಿದ್ದೆ, ಚಮಚದ ಲೆಕ್ಕವೇ ಇರ್ಲಿಲ್ಲ. ತರಕಾರಿ ಮಾತ್ರ ಪಾಪ. ಸೀಮೆಬದನೆ 100 ಗ್ರಾಂಗೆ 20 ಕ್ಯಾಲೊರಿ ಇಲ್ಲ, ಬೂದುಗುಂಬಳ ಅದಕ್ಕಿಂತ ಕಮ್ಮಿ.

ಹಾಗಾಗಿ "ತೂಕ ಇಳಿಸೋ ಸ್ಲೋ ಕುಕ್ಕರ್ ರೆಸಿಪಿ" ಅನ್ನೋದು ನನಗೆ ನಗು ತರಿಸುತ್ತೆ. ಪಾತ್ರೆ ತೂಕ ಇಳಿಸಲ್ಲ. ನೀವು ಬಾಗಿಲು ತೆಗೆದ ಹೊತ್ತಿಗೆ ಅದರಲ್ಲಿ ಊಟ ಬಿಸಿಯಾಗಿರುತ್ತೆ, ಅದೊಂದೇ ಅದರ ಉಪಕಾರ. ನಿಮ್ಮ ತೂಕ ಇರೋದು ಮುಕ್ಕಾಲು ಆರರಿಂದ ಎಂಟೂವರೆ ಒಳಗೆ, ಆ ಕೋಡುಬಳೆ ಡಬ್ಬಿಯಲ್ಲಿ. ಆರು ಗಂಟೆಗೇ ಊಟ ಮಾಡಿಬಿಡಿ.

ಇನ್ನು ಹುರುಳಿ. ನಮ್ಮೂರು ಹೊಸನಗರ ತಾಲ್ಲೂಕಿನ ಒಂದು ಮೂಲೆ. ಅಜ್ಜಿ ಇದ್ದಾಗ ಎತ್ತುಗಳಿಗೆ ಹುರುಳಿ ಬೇಯಿಸೋದಿತ್ತು. ರಾತ್ರಿ ಎಲ್ಲರ ಸ್ನಾನ ಮುಗಿದ್ಮೇಲೆ ಬಚ್ಚಲೊಲೆಯ ಕುಂಟೆ (ಸೌದೆ ದಿಮ್ಮಿ) ಹಿಂದಕ್ಕೆಳೆದು, ಕೆಂಡದ ಮೇಲೆ ತೆಳ್ಳಗೆ ಬೂದಿ ಎಳೆದು, ಅದರ ಮೇಲೆ ಕರಿ ಮಡಿಕೆ ಇಡ್ತಿದ್ಲು. ಬಾಯಿಗೆ ಒಂದು ತಟ್ಟೆ, ತಟ್ಟೆ ಮೇಲೊಂದು ಕಲ್ಲು. ಬೆಳಗ್ಗೆ ಕಾಳು ಎತ್ತಿಗೆ, ಕಟ್ಟು ನಮಗೆ. ಇಡೀ ರಾತ್ರಿ ಬೆಂದ ಕಟ್ಟು ಕಾಕಂಬಿ ಬಣ್ಣ, ಬೆರಳು ಅದ್ದಿದ್ರೆ ಅಂಟ್ತಿತ್ತು. ಅದಕ್ಕೆ ಉಪ್ಪು, ಹುಳಿ, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ. ಕಾಯಿ ಹಾಕ್ತಾನೇ ಇರ್ಲಿಲ್ಲ, ಕಟ್ಟೇ ದಪ್ಪ ಇರ್ತಿತ್ತು. ಕಲ್ಲು ಯಾಕಜ್ಜಿ ಅಂದ್ರೆ "ಬೆಕ್ಕಿಗೆ" ಅಂತಿದ್ಲು. ಈಗ ಯೋಚನೆ ಮಾಡಿದ್ರೆ ಬೆಕ್ಕು ಬಚ್ಚಲಿಗೆ ಬರ್ತಾನೇ ಇರ್ಲಿಲ್ಲ. ಮುಚ್ಚಳ ತೆಗೆದು ನೋಡ್ತಿದ್ದದ್ದು ನಾವು ಮೊಮ್ಮಕ್ಕಳು.

ಅಂಗಡೀಲಿ ಗಿರಾಕಿ ಇಲ್ಲದಾಗ ಈ ಪಾತ್ರೆ ಎಲ್ಲಿಂದ ಬಂತು ಅಂತ ಓದಿದ್ದೆ. ಅಮೆರಿಕದಲ್ಲಿ ಇರ್ವಿಂಗ್ ನ್ಯಾಕ್ಸನ್ ಅನ್ನೋರು ಇದಕ್ಕೆ 1940ರಲ್ಲಿ ಪೇಟೆಂಟ್ ಪಡೆದ್ರು. ಅವರ ಮೂಲ ಯಹೂದಿ ಮನೆತನ. ಶನಿವಾರ ಒಲೆ ಹಚ್ಚೋ ಹಾಗಿಲ್ಲ ಅಂತ ಅವರ ಅಜ್ಜಿ ಕಾಲದಲ್ಲಿ, ಲಿಥುವೇನಿಯಾದಲ್ಲಿ, ಶುಕ್ರವಾರ ಸಂಜೆ ಕಾಳಿನ ಪಾತ್ರೆಯನ್ನ ಊರಿನ ಬೇಕರಿಗೆ ಒಯ್ದು ಆರ್ತಾ ಇರೋ ಒಲೆಯೊಳಗೆ ಇಟ್ಟು ಬರ್ತಿದ್ರಂತೆ. ತಾಯಿ ಹೇಳ್ತಿದ್ದ ಆ ಕತೆಯಿಂದ ಬಂದದ್ದು ಇದು. ಮೊದಲು ಕಾಳು ಬೇಯಿಸೋ ಪಾತ್ರೆ ಅಂತಲೇ ಮಾರಿದ್ರು. ಆಮೇಲೆ ಬೇರೆ ಕಂಪನಿ ಕೊಂಡು 1971ರಲ್ಲಿ ಕ್ರಾಕ್-ಪಾಟ್ ಅಂತ ಹೆಸರಿಟ್ಟಿತು. ಅವರಜ್ಜಿಗೆ ಬೇಕರಿ, ನಮ್ಮಜ್ಜಿಗೆ ಬಚ್ಚಲು.

ಮಾಡೋದು ಹೀಗೆ. 120 ಗ್ರಾಂ ಹುರುಳಿ ರಾತ್ರಿ ನೆನೆಹಾಕಿ. ಹೊಸ ಹುರುಳಿ ಆಗ್ಬೇಕು, ಡಬ್ಬಿಯಲ್ಲಿ ಎರಡು ವರ್ಷ ಕೂತದ್ದು ಎಲ್ಲೂ ಬೇಯಲ್ಲ. ಬೆಳಗ್ಗೆ ಎದ್ದ ಕೂಡ್ಲೇ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಗ್ಯಾಸ್ ಮೇಲೆ ಹತ್ತು ನಿಮಿಷ ಕೊತಕೊತ ಕುದಿಸಿ. ಅಷ್ಟರಲ್ಲಿ ನೀವು ಜಡೆ ಹಾಕ್ಕೊಳ್ಳಿ. ಸೆರಾಮಿಕ್ ಪಾತ್ರೆಯನ್ನ ಮೊದಲು ಬೆಚ್ಚಗಿನ ನೀರಲ್ಲಿ ಅಲ್ಲಾಡಿಸಿ, ತಣ್ಣಗಿದ್ದಾಗ ಕುದಿಯೋ ನೀರು ಸುರಿದ್ರೆ ಸೀಳುತ್ತೆ. ಕಾಳು, ಮುಕ್ಕಾಲು ಲೀಟರ್ ಬಿಸಿ ನೀರು, ಚಿಟಿಕೆ ಅರಿಶಿನ, ಜೀರಿಗೆ. ಮುಗೀತು, ಲೋನಲ್ಲಿಟ್ಟು ಬಸ್ ಹತ್ತಿ. ನೀರು ಯಾವಾಗ್ಲೂ ಗ್ಯಾಸಿಗೆ ಹಾಕೋದಕ್ಕಿಂತ ಮೂರನೇ ಒಂದು ಪಾಲು ಕಮ್ಮಿ ಹಾಕಿ, ಇದರಲ್ಲಿ ಆವಿ ಹೊರಗೆ ಹೋಗಲ್ಲ. ಸಂಜೆ ಬಂದು ಹುಣಸೆ, ಉಪ್ಪು, ಸಾರಿನ ಪುಡಿ ಹಾಕಿ ಹೈ ಮಾಡಿ ಕೈಕಾಲು ಮುಖ ತೊಳ್ಕೊಂಡು ಬನ್ನಿ. ಒಂದು ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. ಬೆಳ್ಳುಳ್ಳಿ ಬಳಸಲ್ಲ ಅಂದ್ರೆ ಇಂಗು. ಸೌಟಿನ ಹಿಂಬದಿಯಲ್ಲಿ ಅರ್ಧ ಕಾಳು ಅದರಲ್ಲೇ ಜಜ್ಜಿದ್ರೆ ಸಾರು ದಪ್ಪ ಬರುತ್ತೆ, ಕಾಯಿ ನೆನಪಾಗಲ್ಲ. ಹಸಿ ಹುರುಳಿ 100 ಗ್ರಾಂಗೆ ಸುಮಾರು 330 ಕ್ಯಾಲೊರಿ, ಪ್ರೊಟೀನ್ 22 ಗ್ರಾಂ ಹತ್ತಿರ. ಮೂರು ಜನ ಹಂಚ್ಕೊಂಡ್ರೆ ಒಬ್ಬರಿಗೆ ನೂರೈವತ್ತರ ಒಳಗೆ.

ಆ ಹತ್ತು ನಿಮಿಷದ ಕುದಿ ಮರೀಬೇಡಿ. ಹುರುಳಿಗೆ ಮರೆತ್ರೆ ಸರಿಯಾಗಿ ಬೇಯಲ್ಲ, ರಾಜ್ಮಾಕ್ಕೆ ಮರೆತ್ರೆ ವಾಂತಿ-ಭೇದಿ. ಕೆಂಪು ರಾಜ್ಮಾದಲ್ಲಿ ಒಂದು ವಿಷದ ಅಂಶ ಇದೆ. ಕುದಿಯೋ ಶಾಖಕ್ಕೆ ಸಾಯುತ್ತೆ, ಆದ್ರೆ ಸ್ಲೋ ಕುಕ್ಕರಿನ ಅರೆಬರೆ ಶಾಖಕ್ಕೆ ಸಾಯೋ ಬದಲು ಜಾಸ್ತಿಯಾಗುತ್ತೆ. ನಾನಂತೂ ರಾಜ್ಮಾ ಅದರ ಹತ್ತಿರ ಸುಳಿಯೋಕೇ ಬಿಡಲ್ಲ.

ಬೇರೆ ದಿನಕ್ಕೆ ಸೀಮೆಬದನೆ ಹುಳಿ. ಅರ್ಧ ಗಂಟೆ ನೆನೆಸಿದ ತೊಗರಿಬೇಳೆ 50 ಗ್ರಾಂ ತಳಕ್ಕೆ, ಮೇಲೆ ದಪ್ಪ ಹೋಳು ಸೀಮೆಬದನೆ ಒಂದು 400 ಗ್ರಾಂ. ಸಂಜೆ ಹುಣಸೆ, ಎರಡು ಚಮಚ ಕಾಯಿ ತುರಿಯನ್ನ ಸಾರಿನ ಪುಡಿ ಜೊತೆ ರುಬ್ಬಿ ಹಾಕಿ. ಎರಡು ಜನಕ್ಕಾದ್ರೆ ಒಬ್ಬರಿಗೆ 180 ಕ್ಯಾಲೊರಿ ದಾಟಲ್ಲ, ಅನ್ನ ಬಿಟ್ಟು. ಹೀರೆಕಾಯಿ, ಪಡವಲ ಹಾಕ್ಬೇಡಿ, ಸಂಜೆಗೆ ಹುಡುಕಿದ್ರೂ ಸಿಗಲ್ಲ. ಬೂದುಗುಂಬಳ ಮಜ್ಜಿಗೆ ಹುಳಿಗೆ ನೀರೇ ಬೇಡ, ಅದೇ ಬಿಟ್ಕೊಳ್ಳುತ್ತೆ. ಮೊಸರು ಮಾತ್ರ ಸ್ವಿಚ್ ಆರಿಸಿದ್ಮೇಲೆ, ಇಲ್ಲಾಂದ್ರೆ ನಿಮ್ಮ ಕಾಯಿಗೆ ಆದ ಗತಿಯೇ. ಮಳೆ ಹೊಡೀತಿರೋ ದಿನ ನಾನು ಮಾಡೋದು ಕೆಂಪಕ್ಕಿ ನುಚ್ಚು 50 ಗ್ರಾಂ, ಹೆಸರುಬೇಳೆ 50 ಗ್ರಾಂ, ಒಂದು ಲೀಟರ್ ನೀರು ಹಾಕಿ ಗಂಜಿ. ಜೊತೆಗೆ ಒಂದು ಉಪ್ಪಿನಕಾಯಿ ಹೋಳು. ಇದರಷ್ಟು ಸುಖ ಯಾವುದರಲ್ಲೂ ಇಲ್ಲ.

ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ, ಕರೆಂಟ್. ನೀವಿಲ್ಲದಾಗ ಮೂರು ಗಂಟೆ ಹೋಗಿ ಬಂದ್ರೆ ಅಡುಗೆ ಕೆಟ್ಟಿರಬಹುದು, ಮೂಗಿಗೆ ಗೊತ್ತಾಗಲ್ಲ. ನಾನು ಬ್ಯಾಟರಿ ಇಲ್ಲದ ಕರೆಂಟಿನ ಗಡಿಯಾರ ಒಂದನ್ನ ಅದೇ ಬೋರ್ಡಿಗೆ ಚುಚ್ಚಿದೀನಿ. ಗಡಿಯಾರ ಎಷ್ಟು ಹಿಂದಿದೆಯೋ ಅಷ್ಟು ಹೊತ್ತು ಕರೆಂಟ್ ಇರ್ಲಿಲ್ಲ ಅಂತ. ಎರಡು ಗಂಟೆ ದಾಟಿದ್ರೆ ಕಣ್ಣು ಮುಚ್ಚಿ ಚೆಲ್ಲೋದು. ನಿಮ್ಮ ಅತ್ತೆ ಮನೇಲೇ ಇರ್ತಾರಲ್ಲ, ಅವರಿಗೆ ಮುಚ್ಚಳ ಕಾಯೋ ಬದಲು ಕರೆಂಟ್ ಕಾಯೋಕೆ ಹೇಳಿ.

ತೀರ್ಥಹಳ್ಳಿ ಹುಡುಗ:

ಅಣ್ಣಾ, ಮಾತು ವಾಪಸ್ ತಗೊಂಡೆ. ನಾಟಿ ಕೋಳಿ ಆಗುತ್ತಾ ಇದರಲ್ಲಿ?

ಜೆರಾಕ್ಸ್ ಅಂಗಡಿ:

ಅದಕ್ಕಂತಲೇ ಹುಟ್ಟಿದ್ದು ತಮ್ಮಾ. ಫಾರಂ ಕೋಳಿ ನೂಲು ನೂಲಾಗುತ್ತೆ, ನಾಟಿ ಹುಂಜ ಆದ್ರೆ ಎಂಟು ಗಂಟೆಗೆ ಹದವಾಗಿ ಮೂಳೆ ಬಿಡುತ್ತೆ. ಚರ್ಮ ತೆಗೆಸು. ಎಣ್ಣೆ ಹಾಕ್ಲೇಬೇಡ. ಫ್ರೀಜರಿಂದ ತೆಗೆದ ಕೂಡ್ಲೇ ಹಾಕ್ಬೇಡ, ಪೂರ್ತಿ ಕರಗಿರ್ಬೇಕು. ಹಿಂದಿನ ರಾತ್ರಿ ಮಾಡಿ, ಸಣ್ಣ ಪಾತ್ರೆಗೆ ಹಾಕಿ ಬೇಗ ಆರಿಸಿ ಫ್ರಿಜ್ಜಲ್ಲಿಡು. ಬೆಳಗ್ಗೆ ಮೇಲೆ ಹಳದಿ ಕೊಬ್ಬು ತುಪ್ಪದ ಹಾಗೆ ಗಟ್ಟಿಯಾಗಿರುತ್ತೆ, ಚಮಚದಲ್ಲಿ ಹೆರೆದು ತೆಗಿ. ಬಿಸಿ ಮಾಡೋದು ಗ್ಯಾಸಲ್ಲಿ, ತಣ್ಣಗಿರೋದನ್ನ ಸ್ಲೋ ಕುಕ್ಕರಲ್ಲಿ ಬಿಸಿ ಮಾಡೋಕೆ ಹೋಗ್ಬೇಡ, ಬಿಸಿಯಾಗೋ ಹೊತ್ತಿಗೆ ಕೆಟ್ಟಿರುತ್ತೆ. ಜೊತೆಗೆ ಕಡುಬು ಎರಡು. ಎರಡೇ.

ಸಾಗರದ ನಿವೃತ್ತ ಲೈನ್‌ಮನ್:

ಒಂದು ಎಚ್ಚರಿಕೆ ಮಾತು. ಹೊರದೇಶದಿಂದ ತರಿಸೋರು ಹಿಂಬದಿಯ ಸ್ಟಿಕ್ಕರ್ ಓದಿ. ಮಗಳು ಅಮೆರಿಕದಿಂದ ಬರ್ತಾ ತಂದ್ಲು. ಪಿನ್ ಚಪ್ಪಟೆ ಇತ್ತು, ಅಂಗಡಿಯಿಂದ ಅಡಾಪ್ಟರ್ ತಂದು ಚುಚ್ಚಿದ್ದು ನಾನೇ. ಹತ್ತು ನಿಮಿಷಕ್ಕೆ ರಬ್ಬರ್ ಸುಟ್ಟ ವಾಸನೆ, ಟಪ್ ಅಂತ ಒಳಗಿನ ಪಾತ್ರೆ ಸೀಳ್ತು, ಬಾಳೆದಿಂಡಿನ ಪಲ್ಯ ನೆಲದ ಮೇಲೆ. ಅವರದ್ದು 120 ವೋಲ್ಟ್, ನಮ್ಮದು 230. ವೋಲ್ಟೇಜ್ ಎರಡು ಪಟ್ಟಾದ್ರೆ ಕಾಯಿಲಿನ ಶಾಖ ನಾಲ್ಕು ಪಟ್ಟು. ಅಡಾಪ್ಟರ್ ಪಿನ್ ಬದಲಿಸುತ್ತೆ, ವೋಲ್ಟೇಜ್ ಬದಲಿಸಲ್ಲ. ಮೂವತ್ತು ವರ್ಷ ಕಂಬ ಹತ್ತಿದವನ ಮನೇಲಿ ಆದ ಕತೆ ಇದು. ಮನೆಯವಳು ಇನ್ನೂ ಬಂದವರಿಗೆಲ್ಲ ಹೇಳ್ತಾಳೆ.

ಗೋಪಾಳದ ಟೀಚರ್:

ಅಯ್ಯೋ ಲೈನ್‌ಮನ್ ಅಂಕಲ್! ನಂದು ಇಲ್ಲೇ ತಗೊಂಡದ್ದು, 230 ಅಂತಲೇ ಬರೆದಿದೆ, ನೋಡ್ದೆ.

ಜೆರಾಕ್ಸ್ ಅಣ್ಣಾ, ಬರೆದದ್ದನ್ನ ಅತ್ತೆಗೆ ಓದಿ ಹೇಳಿದೆ. ಅತ್ತೆ ತಪ್ಪು ಅರ್ಧ ಅನ್ನೋ ಸಾಲು ಬಿಟ್ಟು. ಕೆಸುವಿನ ದಂಟು ತುಂಬಾ ಬಂದಿದೆ ಹಿತ್ತಲಲ್ಲಿ. ಅದಕ್ಕೂ ಹುಳಿ ಕೊನೆಗೇ ಹಾಕೋದಾ?

ಜೆರಾಕ್ಸ್ ಅಂಗಡಿ:

ಬೇಡ ಬೇಡ! ಕೆಸುವಿಗೆ ಹುಳಿ ಮೊದಲೇ. ನಾನು ಇದೇ ಜಾಣತನ ಮಾಡಿ ಅನುಭವಿಸಿದೀನಿ. ಹುಳಿ ಕೊನೆಗೆ ಅನ್ನೋ ನನ್ನ ನಿಯಮವನ್ನ ಕೆಸುವಿಗೂ ಹಾಕಿ, ರಾತ್ರಿ ಎರಡು ತುತ್ತು ಉಂಡೆ ನೋಡಿ, ನಾಲಿಗೆಯಿಂದ ಗಂಟಲ ತನಕ ತುರಿಕೆ. ಒಂದು ಚೊಂಬು ಮಜ್ಜಿಗೆ ಕುಡಿದ್ರೂ ಇಳೀಲಿಲ್ಲ, ಮಾರನೇ ದಿನ ಗಿರಾಕಿಗಳ ಹತ್ತಿರ ಸನ್ನೆಯಲ್ಲೇ ಮಾತು. ಕೆಸುವಿನಲ್ಲಿ ಸೂಜಿ ಥರದ ಆಕ್ಸಲೇಟ್ ಹರಳು ಇರುತ್ತೆ. ದಂಟಿನ ನಾರು ತೆಗೆದು, ಗ್ಯಾಸಲ್ಲಿ ಹುಣಸೆ ಹಾಕಿ ಚೆನ್ನಾಗಿ ಕುದಿಸಿ, ಆ ನೀರು ಚೆಲ್ಲಿ, ಮತ್ತೆ ಹುಳಿ ಹಾಕಿ ಬೇಯಿಸಿ. ಇಷ್ಟೆಲ್ಲ ಆದ್ಮೇಲೆ ಸ್ಲೋ ಕುಕ್ಕರಿಗೆ ಕೆಲಸವೇ ಉಳಿಯಲ್ಲ, ಹಾಗಾಗಿ ಕೆಸುವನ್ನ ಗ್ಯಾಸಲ್ಲೇ ಮುಗಿಸಿ.

ಜೆರಾಕ್ಸ್ ಅಂಗಡಿ:

ನಮಸ್ಕಾರ, ಇದು ಅವರ ಮನೆಯವಳು ಬರೀತಿರೋದು. ಶನಿವಾರ ಬಂದವಳು ಇವರ ಮೊಬೈಲಲ್ಲಿ ಓದ್ತಾ ಇದ್ದೆ. ಒಂದೆರಡು ಮಾತು ಸೇರಿಸ್ಲೇಬೇಕು.

12 ಕೆಜಿ ಇಳಿದದ್ದು ನಿಜ. ಆದ್ರೆ ಮೊದಲ ಎರಡು ತಿಂಗಳು ಒಂದೂವರೆ ಕೆಜಿಯೂ ಇಳೀಲಿಲ್ಲ, ಅದನ್ನ ಬರೆದಿಲ್ಲ. ಅಂಗಡೀಲಿ ದಿನಕ್ಕೆ ಆರು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಸಕ್ಕರೆಯದ್ದೇ ಸುಮಾರು 190 ಕ್ಯಾಲೊರಿ. ಅದು ಎರಡು ಟೀಗೆ ಇಳಿದ ಮೇಲೆ, ಬೆಳಗ್ಗೆ ನೆಹರೂ ಸ್ಟೇಡಿಯಂ ಕಡೆ ನಡೆಯೋಕೆ ಶುರು ಮಾಡಿದ ಮೇಲೆ ತಕ್ಕಡಿ ಅಲ್ಲಾಡಿದ್ದು. ಅದೂ ಹದಿನಾಲ್ಕು ತಿಂಗಳಲ್ಲಿ.

ಗಂಜಿ ವಿಷಯದಲ್ಲಿ ನನಗೂ ಇವರಿಗೂ ಜಗಳ. ನುಚ್ಚು ಕರಗಿ ಹೋಗೋ ತನಕ ಬೇಯಿಸಿದ ಗಂಜಿ ಬೇಗ ಜೀರ್ಣ ಆಗುತ್ತೆ, ರಕ್ತದಲ್ಲಿ ಸಕ್ಕರೆ ಬೇಗ ಏರುತ್ತೆ. ರಾತ್ರಿ ಗಂಜಿ ಕುಡಿದು ಹನ್ನೊಂದಕ್ಕೆ ಬಿಸ್ಕತ್ ಪ್ಯಾಕೆಟ್ ಹುಡುಕೋರನ್ನ ನಾನು ಕಣ್ಣಾರೆ ನೋಡಿದೀನಿ, ಹೆಸರು ಹೇಳಲ್ಲ. ಗಂಜಿ ಮಾಡಿದ್ರೆ ಜೊತೆಗೆ ಹುರುಳಿ ಉಸ್ಲಿಯೋ ಹೆಸರುಕಾಳು ಪಲ್ಯವೋ ಒಂದು ಬಟ್ಟಲು ಇರ್ಲಿ.

ಟೀಚರ್, ನಿಮ್ಮ ಎತ್ತರಕ್ಕೆ ಲೆಕ್ಕ ಹೇಳ್ತೀನಿ. ನಮ್ಮ ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಅಳತೆ) 23 ದಾಟಿದ್ರೆ ತೂಕ ಜಾಸ್ತಿ, 25 ದಾಟಿದ್ರೆ ಬೊಜ್ಜು ಅಂತ ಹಿಡೀತೀವಿ. 158ಕ್ಕೆ 25 ಅಂದ್ರೆ ಸುಮಾರು 62 ಕೆಜಿ. ಅಷ್ಟು ದೂರ ಈಗಲೇ ನೋಡ್ಬೇಡಿ, ಎದೆ ಒಡೆಯುತ್ತೆ. ಇರೋ ತೂಕದ ನೂರಕ್ಕೆ ಐದು ಭಾಗ, ಅಂದ್ರೆ ಮೂರೂವರೆ, ನಾಲ್ಕು ಕೆಜಿ ಇಳಿದ್ರೇ ಲಿವರಿನ ಕೊಬ್ಬು ಕಮ್ಮಿಯಾಗೋಕೆ ಶುರು. ವಾರಕ್ಕೆ ಅರ್ಧ ಕೆಜಿ ಸಾಕು. ಶುಗರಿಗೋ ಬಿಪಿಗೋ ಮಾತ್ರೆ ತಗೊಳ್ತಾ ಇದ್ರೆ ಊಟ ಕಮ್ಮಿ ಮಾಡೋ ಮೊದಲು ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಮತ್ತೆ ಉಪ್ಪಿನಕಾಯಿ ಹೋಳು ಒಂದು ಅಂತ ಬರೆದಿದಾರಲ್ಲ, ಒಂದಲ್ಲ.

ಗೋಪಾಳದ ಟೀಚರ್:

ಹದಿನಾರು ದಿನ ಆಯ್ತು, ವರದಿ ಒಪ್ಪಿಸ್ತಾ ಇದೀನಿ.

ಹುರುಳಿ ಬೆಂತು! ಬೆರಳಲ್ಲಿ ಅಮುಕಿದ್ರೆ ಹಿಟ್ಟು. ನೆನೆಸಿದ್ದು, ಕುದಿಸಿದ್ದು ಎಲ್ಲ ಹೇಳಿದ ಹಾಗೇ. ಮುಕ್ಕಾಲು ಆರಕ್ಕೆ ಬಾಗಿಲು ತೆಗೆದ್ರೆ ವಾಸನೆ ಗೇಟಿನ ತನಕ ಬಂದಿತ್ತು. ಒಗ್ಗರಣೆ ಹಾಕಿ, ಅಡುಗೆಮನೆ ಕಟ್ಟೆ ಮೇಲೇ ಕೂತು, ಆರೂಕಾಲಿಗೆ ಉಂಡೆ. ಮೊದಲ ದಿನ ಎಂಟೂವರೆಗೆ ಎಲ್ಲರ ಜೊತೆ ಮತ್ತೆ ಕೂತೆ ಅನ್ನೋದೂ ನಿಜ. ಆಮೇಲೆ ಅಭ್ಯಾಸ ಆಯ್ತು, ಈಗ ಅವರು ಉಣ್ಣೋವಾಗ ನಾನು ಪೇಪರ್ ತಿದ್ದುತ್ತಾ ಕೂರ್ತೀನಿ. ಅನ್ನಕ್ಕೆ ಒಂದು ಬಟ್ಟಲು ಗೊತ್ತು ಮಾಡ್ಕೊಂಡಿದೀನಿ, 150 ಗ್ರಾಂ ಹಿಡಿಯುತ್ತೆ.

ಸೀಮೆಬದನೆ ಹುಳಿ ಚೆನ್ನಾಗಾಯ್ತು. ಬೂದುಗುಂಬಳಕ್ಕೆ ನೀರು ಬೇಡ ಅಂದ್ರೂ ಕೈ ತಡೀಲಿಲ್ಲ, ಒಂದು ಲೋಟ ಹಾಕ್ದೆ, ಪಾಯಸದ ಹಾಗಾಯ್ತು. ಹರಿವೆ ಸೊಪ್ಪು ಬೆಳಗ್ಗೆಯೇ ಹಾಕಿಟ್ಟಿದ್ದು ಇನ್ನೊಂದು ತಪ್ಪು, ಸಂಜೆಗೆ ಕಪ್ಪು ಬಳಿದ ಹಾಗೆ. ಈಗ ಸೊಪ್ಪು ಬಂದ್ಮೇಲೆ ಕೊನೆ ಇಪ್ಪತ್ತು ನಿಮಿಷಕ್ಕೆ.

ಗಂಜಿ ವಿಷಯದಲ್ಲಿ ನನ್ನ ವೋಟು ನರ್ಸಮ್ಮನಿಗೆ. ಹನ್ನೊಂದಕ್ಕೆ ಬಿಸ್ಕತ್ ಹುಡುಕಿದವರಲ್ಲಿ ನಾನೂ ಒಬ್ಬಳು.

ತೂಕ 72.9. ಕೋಡುಬಳೆ ಡಬ್ಬಿ ಅಟ್ಟದ ಮೇಲಿದೆ, ಇಳಿಸೋಕೆ ಸ್ಟೂಲ್ ಬೇಕು.

ಅತ್ತೆಗೆ ಕಲ್ಲಿನ ಕತೆ ಹೇಳಿದ್ರೆ "ನಮ್ಮನೇಲೂ ಇಡ್ತಿದ್ವಿ, ನಂಗೊತ್ತಿಲ್ವಾ" ಅಂದ್ರು. ಹಾಗಾದ್ರೆ ಇಷ್ಟು ದಿನ ಯಾಕೆ ತೆಗೀತಿದ್ರಿ ಅಂತ ಕೇಳೋ ಧೈರ್ಯ ಬರ್ಲಿಲ್ಲ. ಈಗ ಮುಚ್ಚಳ ಮುಟ್ಟಲ್ಲ. ಮೊಬೈಲ್ ಟಾರ್ಚ್ ಹಾಕಿ ಗಾಜಿನ ಮೇಲಿಂದ ನೋಡ್ತಾರೆ. ಹಬೆ ಕಟ್ಟಿರುತ್ತೆ, ಏನೂ ಕಾಣಲ್ಲ. ಆದ್ರೂ ನೋಡ್ತಾರೆ.

ಅಣ್ಣಾ, ಕಳಲೆ (ಎಳೆ ಬಿದಿರು) ಬಂತಾ ಬಜಾರಿಗೆ? ಕಳಲೆ, ಹೆಸರುಕಾಳು ಹಾಕಿ ಹುಳಿ ಇದರಲ್ಲಿ ಮಾಡ್ಬಹುದಾ?

ಜೆರಾಕ್ಸ್ ಅಂಗಡಿ:

ನಿನ್ನೆ ಒಬ್ಬಮ್ಮ ಬುಟ್ಟಿಯಲ್ಲಿ ಇಟ್ಕೊಂಡು ಕೂತಿದ್ಲು, ಎಳೇದು, ಉಗುರು ಇಳಿಯೋ ಹಾಗಿತ್ತು. ತಂದ ದಿನವೇ ಮಾಡ್ಬೇಡಿ. ತೆಳ್ಳಗೆ ಹೆಚ್ಚಿ ಮೂರು ದಿನ ನೀರಲ್ಲಿ, ದಿನಾ ನೀರು ಬದಲಿಸ್ಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡೋ ಅಂಶ ಇರುತ್ತೆ. ಮೂರನೇ ದಿನ ಗ್ಯಾಸ್ ಮೇಲೆ ಮುಚ್ಚಳ ಇಲ್ದೆ ಚೆನ್ನಾಗಿ ಕುದಿಸಿ ಆ ನೀರು ಚೆಲ್ಲಿ. ಆಮೇಲೆ ಹೆಸರುಕಾಳಿನ ಜೊತೆ ಸ್ಲೋ ಕುಕ್ಕರಿಗೆ. ನೆನೆಸಿಟ್ಟ ಪಾತ್ರೆಯನ್ನ ಹಿತ್ತಲ ಕಡೆ ಇಡಿ, ಎರಡನೇ ದಿನಕ್ಕೆ ಅದರ ವಾಸನೆಗೆ ಪಕ್ಕದ ಮನೆಯವರು ಬಂದು ಕೇಳ್ತಾರೆ.